ಜಾಲರಿಯ ಬಾಯಿಗೊಂದು ಬಿರಡೆ

ಕೇಳುಗರಿಗೆ ನಮಸ್ಕಾರ.

ನೆಲ ಹಾಕುವ ಗಾರೆಯವರು ಒಂದು ಸಂಗತಿಯನ್ನು ಮರೆಯುವುದೇ ಇಲ್ಲ. ಅದು ವಾಟ. ಬಚ್ಚಲಾಗಲಿ, ಕಾರ್ಖಾನೆಯ ಒಳಾಂಗಣವಾಗಲಿ, ಲಾರಿ ನಿಲ್ಲಿಸುವ ಜಾಗವಾಗಲಿ, ಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟು, ಬಿದ್ದ ಹನಿಯೆಲ್ಲ ಮೋರಿಯ ಜಾಲರಿಯನ್ನು ತಾನಾಗಿ ಹುಡುಕಿಕೊಂಡು ಹೋಗುವಂತೆ ಮಾಡುತ್ತಾರೆ. ಅದೇ ನೆಲದ ಮೇಲೆ ಡೀಸೆಲ್ ತುಂಬಿದ ಡ್ರಮ್ಮೊಂದು ಉರುಳಿತು ಎನ್ನಿ. ವಾಟಕ್ಕೆ ನೀರೂ ಒಂದೇ, ಡೀಸೆಲ್ಲೂ ಒಂದೇ. 200 ಲೀಟರ್ ಡ್ರಮ್ಮಿನ ದ್ರವ ಎರಡು ಮಿಲಿಮೀಟರ್ ದಪ್ಪಕ್ಕೆ ಹರಡಿದರೆ 100 ಚದರ ಮೀಟರ್ ನೆಲವನ್ನು ಆವರಿಸುತ್ತದೆ. ಅಷ್ಟು ನೆಲದಲ್ಲಿ ಒಂದು ಜಾಲರಿಯಾದರೂ ಇದ್ದೇ ಇರುತ್ತದೆ.

ಚೆಲ್ಲಿದ್ದು ನೆಲದ ಮೇಲಿರುವಷ್ಟು ಹೊತ್ತು ನಮ್ಮ ಕೈಯಲ್ಲಿರುತ್ತದೆ. ಗುಡಿಸಬಹುದು, ಹೀರಿಸಬಹುದು, ಬಳಿದು ತುಂಬಬಹುದು. ಜಾಲರಿಯ ಕೆಳಗೆ ಇಳಿದ ಮೇಲೆ ಅದು ಎಲ್ಲಿ ಏಳುತ್ತದೆ ಎಂಬುದು ನಮ್ಮ ಅಂಕೆಯಲ್ಲಿಲ್ಲ. ಎಲ್ಲ ಚರಂಡಿಗಳೂ ಶುದ್ಧೀಕರಣ ಘಟಕಕ್ಕೆ ಹೋಗುತ್ತವೆ ಎಂದು ತಿಳಿದವರು ಬಹಳ ಮಂದಿ. ಕೊಳಚೆಯ ಒಳಚರಂಡಿ ಬೇರೆ, ಮಳೆನೀರಿನ ಚರಂಡಿ ಬೇರೆ. ಎರಡೂ ಒಂದೇ ಕೊಳವೆಯಲ್ಲಿ ಹರಿಯುವ ಹಳೆಯ ಊರುಗಳೂ ಉಂಟು. ಆದರೆ ಬೇರೆ ಬೇರೆಯಾಗಿರುವ ಕಡೆ, ಮಳೆನೀರಿನ ಚರಂಡಿ ಬಹುಪಾಲು ಯಾವ ಶುದ್ಧೀಕರಣವೂ ಇಲ್ಲದೆ ನೇರವಾಗಿ ಹಳ್ಳ, ಕೆರೆ, ಹೊಳೆಗೇ ಸೇರುತ್ತದೆ. ಅಂಗಳದ ಜಾಲರಿ ಎಂದರೆ ಕಬ್ಬಿಣದ ಪಟ್ಟಿಗಳ ನಡುವೆ ಕಾಣಿಸುವ ಹೊಳೆಯ ದಂಡೆ ಎಂದುಕೊಂಡರೆ ತಪ್ಪಿಲ್ಲ. ಬ್ರಿಟನ್ನಿನಲ್ಲಿ ಕಾರ್ಖಾನೆಗಳ ಮಳೆನೀರಿನ ಮುಚ್ಚಳಕ್ಕೆ ನೀಲಿ, ಕೊಳಚೆಯದಕ್ಕೆ ಕೆಂಪು ಬಣ್ಣ ಬಳಿಯುವ ರೂಢಿ ಇದೆ. ಒಂದು ಡಬ್ಬಿ ಬಣ್ಣದ ಖರ್ಚು, ಅಷ್ಟೇ. ಚೆಲ್ಲಿದ ಕ್ಷಣದಲ್ಲಿ ನಕ್ಷೆ ಬಿಡಿಸಿ ಹುಡುಕುವ ಕೆಲಸ ತಪ್ಪುತ್ತದೆ.

ಚೆಲ್ಲುವುದು ವಿಷವೇ ಆಗಬೇಕೆಂದಿಲ್ಲ. ಹಾಲನ್ನೇ ತೆಗೆದುಕೊಳ್ಳಿ. ಹೊಳೆಗೆ ಬಿದ್ದ ಹಾಲು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕಬಳಿಸುತ್ತದೆ. ಅದರ ಈ ಹಸಿವು ಮನೆಗಳ ಕೊಳಚೆ ನೀರಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಮೀನಿಗೆ ಉಸಿರು ಕಟ್ಟಲು ಬೇರೆ ವಿಷವೇ ಬೇಡ.

ಬೆಂಕಿ ಆರಿಸಿದ ನೀರೂ ಹೀಗೆಯೇ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ಕೀಟನಾಶಕಗಳಿದ್ದ ಗೋದಾಮೊಂದಕ್ಕೆ ಬೆಂಕಿ ಬಿತ್ತು. ಬೆಂಕಿಯೇನೋ ಆರಿತು. ಆರಿಸಲು ಸುರಿದ ನೀರು ಮಾತ್ರ ರಾಸಾಯನಿಕಗಳನ್ನು ಹೊತ್ತು ರೈನ್ ನದಿಗೆ ಹೋಯಿತು. ನದಿ ಕೆಂಪಾಯಿತು, ಹಾವುಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಆದ್ದರಿಂದಲೇ ಈಗ ಹಲವು ಕಡೆ ಅಗ್ನಿಶಾಮಕ ವಾಹನಗಳಲ್ಲಿ ನೀರಿನ ಕೊಳವೆಯ ಜೊತೆಗೆ ಮೋರಿ ಮುಚ್ಚುವ ಹಾಸನ್ನೂ ಇಟ್ಟಿರುತ್ತಾರೆ.

ಅದೆಂಥ ಹಾಸು? ಪಾಲಿಯುರೆಥೇನ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕಿನ ಮೆತ್ತನೆಯ, ತುಸು ಅಂಟಂಟಾದ, ಒಂದು ಸೆಂಟಿಮೀಟರಿನ ಆಸುಪಾಸು ದಪ್ಪದ ಚೌಕ. ಕೈಯಲ್ಲಿ ಹಿಡಿದರೆ ಹಲಸಿನ ಮೇಣ ನೆನಪಾಗುತ್ತದೆ, ಆದರೆ ಕೈಗೆ ಹತ್ತುವುದಿಲ್ಲ. ಜಾಲರಿಯ ಮೇಲೆ ಹರವಿ ಅಂಚುಗಳನ್ನು ಕಾಲಿನಿಂದ ಒತ್ತಿದರೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಮೇಲೆ ನಿಂತ ದ್ರವದ ಭಾರವೇ ಅದನ್ನು ಇನ್ನಷ್ಟು ಅದುಮುತ್ತದೆ. ಜಾಲರಿಗಿಂತ ಎಲ್ಲ ಬದಿಗೂ ಕನಿಷ್ಠ ಒಂದು ಗೇಣಿನ ಅರ್ಧದಷ್ಟಾದರೂ ಹೊರಚಾಚಿರಬೇಕು. ಜಾಲರಿಯ ಅಳತೆಗೆ ಸರಿಯಾದ ಹಾಸು ಎಂದರೆ ಚಿಕ್ಕದಾದ ಹಾಸು ಎಂದೇ ಅರ್ಥ. ಹಾಸುವ ಮುನ್ನ ಮರಳು, ಕಲ್ಲಿನ ಚೂರುಗಳನ್ನು ಗುಡಿಸಿರಬೇಕು. ಅಂಚಿನ ಕೆಳಗೆ ಸಿಕ್ಕಿದ ಒಂದು ಜಲ್ಲಿಕಲ್ಲು ಸಾಕು, ಇಡೀ ಹಾಸು ದಂಡವಾಗಲು. ಒರಟು ಡಾಂಬರು, ಕಲ್ಲುಚಪ್ಪಡಿಯ ಸಂದುಗಳ ಮೇಲೆ ಎಂಥ ಹಾಸೂ ಪೂರ್ತಿ ಕೂರುವುದಿಲ್ಲ. ಅಲ್ಲಿ ಸಂದುಗಳಿಗೆ ಜೇಡಿಮಣ್ಣು ಮೆತ್ತಬೇಕಾಗುತ್ತದೆ. ಕೆಲವು ದ್ರಾವಕಗಳು ಪಾಲಿಯುರೆಥೇನನ್ನೇ ಉಬ್ಬಿಸಿ ಕೆಡಿಸುತ್ತವೆ, ಹಾಗಾಗಿ ತಾವು ಇಟ್ಟುಕೊಂಡ ದ್ರವಕ್ಕೆ ಯಾವ ಹಾಸು ಎಂದು ಕೊಳ್ಳುವಾಗಲೇ ಕೇಳಬೇಕು. ಉಕ್ಕಿನ ಜಾಲರಿಗೆ ಹಿಡಿಯುವ ಅಯಸ್ಕಾಂತದ ಹಾಳೆಗಳೂ ಇವೆ. ಕೊಳವೆಯೊಳಗೆ ಇಳಿಸಿ ಗಾಳಿ ತುಂಬುವ ರಬ್ಬರ್ ಬಿರಡೆಗಳೂ ಇವೆ. ಆದರೆ ಬಿರಡೆಗೆ ಮಿತಿ ಮೀರಿ ಗಾಳಿ ತುಂಬಿದರೆ ಅದು ಸಿಡಿಯುತ್ತದೆ, ಹಿಂದಿನ ನೀರಿನ ಒತ್ತಡಕ್ಕೆ ಗುಂಡಿನಂತೆ ಹೊರಚಿಮ್ಮಲೂಬಹುದು. ಅದು ತರಬೇತಿ ಆದವರ ಕೆಲಸ.

ಏನೂ ಇಲ್ಲದಾಗ? ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಅಂಚಿನವರೆಗೂ ಒದ್ದೆ ಮಣ್ಣು ಸುರಿಯಬಹುದು. ಬರಿಯ ಮರಳುಚೀಲ ಇಟ್ಟು ಕೈತೊಳೆದುಕೊಳ್ಳುವವರನ್ನು ಕಂಡಾಗ ನನಗೆ ಮರುಕ ಬರುತ್ತದೆ. ಮರಳುಚೀಲ ಹರಿವನ್ನು ತಿರುಗಿಸುತ್ತದೆ, ತಡೆಯುವುದಿಲ್ಲ. ಚೀಲ ಚೀಲಗಳ ನಡುವೆ ಎಣ್ಣೆ ಸದ್ದಿಲ್ಲದೆ ನುಸುಳುತ್ತದೆ.

ನಾನು ಹಿಂದೆ ಕೆಲಸಕ್ಕಿದ್ದ ಒಂದೆಡೆ ಒಳ್ಳೆಯ ಹಾಸುಗಳೇ ಇದ್ದವು. ಹೊಸವು, ಪೆಟ್ಟಿಗೆಯಲ್ಲೇ ಇದ್ದವು. ಪೆಟ್ಟಿಗೆ ಉಗ್ರಾಣದಲ್ಲಿತ್ತು, ಉಗ್ರಾಣದ ಬೀಗದ ಕೈ ಊಟಕ್ಕೆ ಹೋದವನ ಜೇಬಿನಲ್ಲಿತ್ತು. ಆತ ಓಡಿ ಬರುವಷ್ಟರಲ್ಲಿ ಜಾಲರಿ ತನ್ನ ಪಾಲನ್ನು ಕುಡಿದಾಗಿತ್ತು. ಆಮೇಲೂ ಹಾಸು ತಂದು ಹಾಸಿದೆವು ಅನ್ನಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಂದಿನಿಂದ ನನ್ನದು ಒಂದೇ ಹಟ: ಹಾಸು ಜಾಲರಿಯಿಂದ ಹತ್ತು ಹೆಜ್ಜೆಯೊಳಗೆ, ಬೀಗವಿಲ್ಲದೆ, ಗೋಡೆಗೆ ತೂಗುಹಾಕಿರಬೇಕು. ಬಿಸಿಲು ಬೀಳದ ಗೋಡೆ, ಏಕೆಂದರೆ ಬಿಸಿಲಿಗೆ ಪಾಲಿಯುರೆಥೇನ್ ಬೇಗ ಹಾಳಾಗುತ್ತದೆ.

ಇನ್ನೊಂದು ಮಾತು. ಹಾಸಿನ ಸರಿಯಾದ ಸಮಯ ಚೆಲ್ಲಿದ ಮೇಲಲ್ಲ, ಅದಕ್ಕೂ ಮೊದಲು. ಟ್ಯಾಂಕರಿನಿಂದ ಇಳಿಸುವಾಗ, ಡ್ರಮ್ಮಿನಿಂದ ಡ್ರಮ್ಮಿಗೆ ತುಂಬಿಸುವಾಗ ಅನಾಹುತ ಆಗುವ ಸಂಭವ ಹೆಚ್ಚೆಂದು ಎಲ್ಲರಿಗೂ ಗೊತ್ತು. ಕವಾಟ ತಿರುಗಿಸುವ ಮುನ್ನವೇ ಹತ್ತಿರದ ಜಾಲರಿ ಮುಚ್ಚಿ, ಕೆಲಸ ಮುಗಿದ ಮೇಲೆ ತೆಗೆದರೆ ಓಡಾಟವೇ ಇಲ್ಲ.

ಆದರೆ ಪೆಟ್ರೋಲಿನಂಥದ್ದು ಚೆಲ್ಲಿದ್ದರೆ, ಆಮ್ಲದ ಆವಿ ಎದ್ದಿದ್ದರೆ, ಹಾಸು ಹಿಡಿದು ಮುನ್ನುಗ್ಗಬೇಡಿ. ಮೊದಲು ಜನ ದೂರ ಸರಿಯಲಿ. ಚರಂಡಿಯೊಳಗಿನ ಆವಿ ಕಿಡಿಗೆ ಕಾಯುತ್ತಿರುತ್ತದೆ. 1992ರ ಏಪ್ರಿಲ್ 22ರಂದು ಮೆಕ್ಸಿಕೊದ ಗ್ವಾಡಲಹಾರಾ ನಗರದಲ್ಲಿ ಒಳಚರಂಡಿಗೆ ಸೋರಿದ್ದ ಪೆಟ್ರೋಲ್ ಸ್ಫೋಟಿಸಿ, ಬೀದಿಗಳು ಕಿಲೋಮೀಟರುಗಟ್ಟಲೆ ಬಾಯಿಬಿಟ್ಟವು. 200ಕ್ಕೂ ಹೆಚ್ಚು ಜನ ಸತ್ತರು. ಅದು ನೆಲದಡಿಯ ಕೊಳವೆಯ ಸೋರಿಕೆ, ಯಾವ ಹಾಸೂ ಅದನ್ನು ತಡೆಯುತ್ತಿರಲಿಲ್ಲ. ಚರಂಡಿಗೆ ಇಳಿದ ಪೆಟ್ರೋಲ್ ಏನು ಮಾಡಬಲ್ಲದು ಎಂಬುದಕ್ಕೆ ಮಾತ್ರ ಆ ದಿನವನ್ನು ನೆನೆದೆ.

ಇನ್ನು ತೆಗೆಯುವ ಬಗೆ. ಮೇಲೆ ನಿಂತದ್ದನ್ನೆಲ್ಲ ಹೀರಿಸಿ, ಒರೆಸಿ, ಆಮೇಲೆ ಒಂದು ಅಂಚಿನಿಂದ ನಿಧಾನವಾಗಿ ಮಡಿಚಿ ಎತ್ತಬೇಕು. ಅವಸರದಲ್ಲಿ ಎಳೆದರೆ ಗಂಟೆಗಟ್ಟಲೆ ತಡೆದದ್ದು ಒಂದೇ ಗುಟುಕಿಗೆ ಒಳಗೆ ಹೋಗುತ್ತದೆ. ತೆಗೆಯಲು ಮರೆತರಂತೂ ಮುಂದಿನ ಮಳೆಗೆ ಅಂಗಳವೇ ಕೆರೆ. ಎಷ್ಟು ಹಾಸಿದೆವು, ಎಷ್ಟು ತೆಗೆದೆವು ಎಂದು ಕಾವಲುಗಾರನ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಹಾಸು ಸೋಪಿನ ನೀರಿನಲ್ಲಿ ತೊಳೆದರೆ ಮತ್ತೆ ಹೊಸದರಂತೆ ಅಂಟುತ್ತದೆ. ಇಲ್ಲೊಂದು ನಗೆಪಾಟಲಿನ ಸಂಗತಿ ಇದೆ. ಇಷ್ಟೆಲ್ಲ ಪಾಡುಪಟ್ಟ ಮನುಷ್ಯ, ಕೊನೆಗೆ ಎಣ್ಣೆ ಮೆತ್ತಿದ ಹಾಸನ್ನು ತಂದು ಅದೇ ಜಾಲರಿಯ ಮೇಲೆ ಹಿಡಿದು ನಲ್ಲಿ ತಿರುಗಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ತೊಳೆದ ನೀರೂ, ಹೀರಿಸಿದ ಬಟ್ಟೆ ಮತ್ತು ಮರದ ಹೊಟ್ಟಿನಂತೆಯೇ, ಡ್ರಮ್ಮಿಗೆ ಹೋಗಬೇಕು.

ನಮಸ್ಕಾರ.