ನನ್ನ 1,49,500 ರೂಪಾಯಿ ಎಲ್ಲಿ?

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: “ಸ್ವಂತ ಉದ್ಯೋಗದವರಿಗೆ ಶಿಸ್ತಿಲ್ಲ, ನೌಕರರ ಹಾಗೆ ತಿಂಗಳು ತಿಂಗಳು ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್‌ಗೆ ಕಟ್ಟಿದ್ದರೆ ಮುಪ್ಪಿನಲ್ಲಿ ಪರದಾಡಬೇಕಿರಲಿಲ್ಲ.” ಸಂತೋಷ. ಚಿಕ್ಕಮಗಳೂರಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡಿ ಬದುಕುವ ನನಗೆ ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಜುಲೈ ಮಳೆಯಲ್ಲಿ ಶಟರ್ ಎತ್ತಿ ಕುಳಿತರೆ ಬೋಣಿಯೂ ಆಗುವುದಿಲ್ಲ. ಇದರಲ್ಲಿ ಯಾವ ತಿಂಗಳ ಶಿಸ್ತನ್ನು ಆ ಮಹನೀಯರು ಬಯಸುತ್ತಾರೆ?

ನನ್ನ ದೂರು ಒಂದೇ. ಪಿಪಿಎಫ್‌ಗೆ ವರ್ಷಕ್ಕೆ ಕಟ್ಟಬಹುದಾದ ಗರಿಷ್ಠ ಮೊತ್ತ 1.5 ಲಕ್ಷ ರೂಪಾಯಿ. 2014ರಲ್ಲಿ 1 ಲಕ್ಷದಿಂದ ಏರಿಸಿದ ಮೇಲೆ ಅದು ಅಲ್ಲೇ ನಿಂತಿದೆ. ಅದನ್ನಾದರೂ ಸಹಿಸಬಹುದು, ಒಂದು ವರ್ಷ ಕಟ್ಟಲಾಗದೆ ಉಳಿದದ್ದನ್ನು ಮುಂದಿನ ವರ್ಷ ತುಂಬಲು ಬಿಡುವುದಿಲ್ಲವಲ್ಲ, ಅದನ್ನು ಹೇಗೆ ಸಹಿಸುವುದು? 2020-21ರಲ್ಲಿ ಖಾತೆ ನಿಂತುಹೋಗದಿರಲೆಂದು ಕನಿಷ್ಠ 500 ರೂಪಾಯಿ ಮಾತ್ರ ಕಟ್ಟಿದೆ, ಪಾಸ್‌ಬುಕ್ಕಿನ ಆ ಒಂದು ಸಾಲು ಇಂದಿಗೂ ನನ್ನನ್ನು ಅಣಕಿಸುತ್ತದೆ. ಎರಡು ವರ್ಷ ಕಳೆದು ಒಳ್ಳೆಯ ಸೀಸನ್ ಬಂದಾಗ ಹಳೆಯ 1,49,500 ರೂಪಾಯಿಯನ್ನೂ ಕಟ್ಟುತ್ತೇನೆಂದರೆ, ಕೌಂಟರಿನಲ್ಲಿದ್ದವರು “ಅದು ಆ ವರ್ಷಕ್ಕೇ ಮುಗಿಯಿತು ಸಾರ್” ಎಂದರು.

ತಮಾಷೆ ನೋಡಿ. ಕನಿಷ್ಠ 500 ಕೂಡ ಕಟ್ಟದೆ ಬಿಟ್ಟ ವರ್ಷವಿದ್ದರೆ, 50 ರೂಪಾಯಿ ದಂಡ ಸೇರಿಸಿ ಆ ಹಳೆಯ 500ನ್ನು ಇಂದು ಕಟ್ಟಿಸಿಕೊಳ್ಳುತ್ತಾರೆ. ಹಿಂದಿನ ವರ್ಷದ ಬಾಗಿಲು ದಂಡಕ್ಕೆ ತೆರೆಯುತ್ತದೆ, ಉಳಿತಾಯಕ್ಕೆ ಮಾತ್ರ ತೆರೆಯುವುದಿಲ್ಲ.

“ಎನ್‌ಪಿಎಸ್ ಪಿಂಚಣಿ ಯೋಜನೆಗೆ ಮಿತಿಯೇ ಇಲ್ಲವಲ್ಲ” ಎಂಬ ಪಂಡಿತರೂ ಇದ್ದಾರೆ. ಕಟ್ಟಲು ಮಿತಿಯಿಲ್ಲ, ತೆರಿಗೆ ವಿನಾಯಿತಿಗೆ ಇದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ಉದ್ಯೋಗದವರಿಗೆ ಒಟ್ಟು ಆದಾಯದ ಶೇ 20ರವರೆಗೆ, ಅದೂ ಪಿಪಿಎಫ್, ಜೀವವಿಮೆಗಳ ಜೊತೆ ಹಂಚಿಕೊಳ್ಳಬೇಕಾದ ಅದೇ 1.5 ಲಕ್ಷದೊಳಗೆ, ಮೇಲೆ 50,000 ಪ್ರತ್ಯೇಕ. ಇದೂ ವರ್ಷದ ಲೆಕ್ಕವೇ. ಹೊಸ ಪದ್ಧತಿಯಲ್ಲಿ ನೌಕರನ ಪರವಾಗಿ ಮಾಲೀಕರು ಎನ್‌ಪಿಎಸ್‌ಗೆ ತುಂಬುವ ಹಣಕ್ಕೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ ವಿನಾಯಿತಿ ಉಂಟು. ನನ್ನ ವರ್ಕ್‌ಶಾಪಿನಲ್ಲಿ ಮಾಲೀಕನೂ ನಾನೇ, ಎಣ್ಣೆ ಕೈಯವನೂ ನಾನೇ. ಆದರೆ ಆ ಮಾಲೀಕ ಕಾನೂನಿನ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ನನ್ನ ಪಾಲು ಸೊನ್ನೆ.

ಹೆಂಡತಿಯ ಹೆಸರಿನಲ್ಲೂ ಖಾತೆ ಮಾಡಿಸಿ ಎನ್ನುತ್ತೀರೇನು? ಮಾಡಿಸಿದ್ದೇನೆ ಸ್ವಾಮಿ, ಅದರಲ್ಲೂ ಆ ವರ್ಷದ ಸಾಲು 500ರದ್ದೇ. ಅಂದಹಾಗೆ, ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ಆಗಿಬಿಡಿ. ಪಲ್ಪರ್ ಸರ್ವೀಸ್ ಬೇಕಾದವರು ಅಕ್ಟೋಬರ್ ಒಳಗೆ ತಂದುಬಿಡಿ, ಆಮೇಲೆ ಬಂದು ನನ್ನನ್ನು ಬೈಯಬೇಡಿ.

ಶಿಸ್ತಿನ ಮಹನೀಯರೇ, ತಾವು ಮತ್ತೆ ಬರೆಯುತ್ತೀರೆಂದು ಬಲ್ಲೆ. ಬರೆಯಿರಿ. ಬರೆಯುವಾಗ ನನ್ನ 1,49,500 ರೂಪಾಯಿಯ ಜಾಗ ಎಲ್ಲಿ ಹೋಯಿತೆಂಬುದನ್ನೂ ಒಂದು ಸಾಲು ಸೇರಿಸಿ.