ಸುಮ್ನೆ ಕೂತಿದ್ದ ಸರ್ವರ್

ಕೇಳುಗರಿಗೆ ನಮಸ್ಕಾರ.

ಹಣ ಕಟ್ಟೋಕೆ ಹೋದಾಗ ‘ಸಿಸ್ಟಂ ಸ್ಲೋ ಇದೆ, ಸ್ವಲ್ಪ ಕೂತಿರಿ’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಆ ಸಿಸ್ಟಂ ಯಾಕೆ ಸ್ಲೋ ಎಂದು ಹುಡುಕುವುದು ನನ್ನ ಕೆಲಸ.

ಒಂದು ಕಡೆ 10 ಕೌಂಟರ್ ಇದ್ದವು. ಬೆಳಿಗ್ಗೆ ಜನ ಕಡಿಮೆ ಇದ್ದಾಗ ರಸೀದಿ ಬೇಗ ಬರುತ್ತಿತ್ತು. 11 ಗಂಟೆಗೆ ಜನ ತುಂಬಿದರೆ ಒಂದೊಂದಕ್ಕೂ 20 ಸೆಕೆಂಡು. ಅವರು ದೊಡ್ಡ ಸರ್ವರ್ ತಂದು ಕೂರಿಸಿದರು. ಏನೂ ಬದಲಾಗಲಿಲ್ಲ. ಆ ದುಡ್ಡು ನೆನೆದರೆ ನನಗೆ ಈಗಲೂ ಬೇಸರ.

ನಾನು ಹೋದಾಗ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ನೆ ಕೂತಿತ್ತು. ನನ್ನ ಅನುಮಾನ ಡಿಸ್ಕಿನ ಮೇಲಿತ್ತು. ಯಾಕೆಂದರೆ ಕಮಿಟ್ ಅಂದಾಗ, ಅಂದರೆ ‘ಈ ಬದಲಾವಣೆಯನ್ನು ಖಾಯಂ ಮಾಡು’ ಅಂದಾಗ, ಮಾಹಿತಿ ಇಟ್ಟುಕೊಳ್ಳುವ ಡೇಟಾಬೇಸು ಆ ಬದಲಾವಣೆಯ ದಾಖಲೆಯಾದ ಲಾಗನ್ನು ಡಿಸ್ಕಿಗೆ ಬರೆದು, ಅದು ಗಟ್ಟಿಯಾಗಿ ಕೂತ ಮೇಲೆಯೇ ‘ಆಯ್ತು’ ಅನ್ನುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ಮೆಮೊರಿ, ಅಂದರೆ ಕ್ಯಾಶ್, ನಡುವೆ ಇಲ್ಲದಿದ್ದರೆ ಡೇಟಾಬೇಸಿನ ಜೊತೆಗಿನ ಒಂದು ಸಂಪರ್ಕಕ್ಕೆ, ಅಂದರೆ ಒಂದು ಕನೆಕ್ಷನ್ನಿಗೆ, ಸುತ್ತಿಗೊಂದರಂತೆ ಸೆಕೆಂಡಿಗೆ ಸುಮಾರು 120 ಕಮಿಟ್, ಅಷ್ಟೇ. ಆದರೆ ಇಲ್ಲಿ ಡಿಸ್ಕಿಗೂ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಯಂತ್ರ ದಣಿದಿಲ್ಲ, ಆದರೂ ನಿಧಾನ. ಅಂದರೆ ಯಾರೋ ಯಾರಿಗೋ ಕಾಯುತ್ತಿದ್ದಾರೆ.

ಅವರ ಡೇಟಾಬೇಸು ಪೋಸ್ಟ್‌ಗ್ರೆಸ್ ಅನ್ನುವುದು. ಯಾವ ಕನೆಕ್ಷನ್ ಈಗ ಏನು ಮಾಡುತ್ತಿದೆ ಎಂದು ತೋರಿಸುವ ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’ ಅದರಲ್ಲೇ ಇದೆ. ಜನ ತುಂಬಿದ ಹೊತ್ತಲ್ಲಿ ತೆರೆದು ನೋಡಿದೆ. 9 ಕನೆಕ್ಷನ್‌ಗಳ ಮುಂದೆ ‘ಲಾಕ್’, ಅಂದರೆ ಬೇರೆ ಯಾರೋ ಹಿಡಿದಿದ್ದನ್ನು ಬಿಡಲಿ ಎಂದು ಕಾಯುತ್ತಿವೆ. ಹತ್ತನೆಯದರ ಮುಂದೆ ‘ಐಡಲ್ ಇನ್ ಟ್ರಾನ್ಸಾಕ್ಷನ್’. ಟ್ರಾನ್ಸಾಕ್ಷನ್, ಅಂದರೆ ಕಮಿಟ್‌ನಲ್ಲಿ ಮುಗಿಯಬೇಕಾದ ಒಂದು ಕೆಲಸ, ಅದನ್ನು ಶುರುಮಾಡಿ, ಮುಗಿಸದೆ, ಕೈಕಟ್ಟಿ ನಿಂತಿದೆ ಅಂತ ಅರ್ಥ. ಮತ್ತೆ ಮತ್ತೆ ನೋಡಿದೆ. ನಿಂತವರು ಬದಲಾಗುತ್ತಿದ್ದರು, ಚಿತ್ರ ಅದೇ.

ಕೋಡ್ ತೆರೆದೆ. ರಸೀದಿ ಸಂಖ್ಯೆ ನಡುವೆ ತಪ್ಪಬಾರದು ಅಂತ ಅದನ್ನು ಡೇಟಾಬೇಸಿನ ಕೋಷ್ಟಕದ ಒಂದೇ ಸಾಲಿನಲ್ಲಿ ಇಟ್ಟಿದ್ದರು. ಪ್ರತಿ ಕೌಂಟರೂ ಮೊದಲು ಆ ಸಾಲನ್ನು ಹಿಡಿದು ಸಂಖ್ಯೆ ಏರಿಸಬೇಕು; ಒಬ್ಬರು ಹಿಡಿದರೆ ಅವರ ಕಮಿಟ್ ಆಗುವವರೆಗೆ ಉಳಿದವರು ಕಾಯಬೇಕು. ಇದರಲ್ಲಿ ತಪ್ಪಿಲ್ಲ. ಆದರೆ ಹಿಡಿದ ಸಾಲನ್ನು ಬಿಡದೆಯೇ ಆ ಕೋಡ್ ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸುತ್ತಿತ್ತು. ಅದು ಹೋಯಿತು ಎಂಬ ಉತ್ತರ ಬರಲು 2 ಸೆಕೆಂಡು. ಆಮೇಲೆ ಕಮಿಟ್. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 30 ರಸೀದಿ. 100 ಕೌಂಟರ್ ಇಟ್ಟರೂ ಮೂವತ್ತೇ!

ಎಸ್ಸೆಮ್ಮೆಸ್ಸನ್ನು ಕಮಿಟ್ ಆದಮೇಲೆ ಕಳಿಸುವಂತೆ ಮಾಡಿದೆವು. ಬದಲಾಯಿಸಿದ್ದು ಅಷ್ಟೇ. ಮರುದಿನ 11 ಗಂಟೆಗೆ ನಾನೇ ಕೌಂಟರಿನ ಪಕ್ಕ ನಿಂತು ನೋಡಿದೆ. ಗುಂಡಿ ಒತ್ತಿದ ಬೆರಳು ಎತ್ತುವಷ್ಟರಲ್ಲಿ ರಸೀದಿ ಹೊರಗೆ ಬರುತ್ತಿತ್ತು.

ನಮಸ್ಕಾರ.