ಮಂಡ್ಯದ ಬೋರ್ ನೀರಿನಲ್ಲಿ ಹಸಿರು ಅಕ್ವೇರಿಯಂ

ಈ ಎಲೆಯ ಮೇಲೆ ಬಿಳಿ ಪುಡಿ ಕಾಣುತ್ತಿದೆಯಾ? ಕ್ಯಾಮೆರಾ ಇನ್ನೂ ಸ್ವಲ್ಪ ಹತ್ತಿರ ತರುತ್ತೇನೆ. ಬೆರಳಿಂದ ಸವರಿದರೆ ತರಿತರಿಯಾಗಿ ಕೈಗೆ ಸಿಗುತ್ತದೆ. ಗಿಡಕ್ಕೆ ರೋಗ ಬಂತು ಅಂತ ಹೆದರಬೇಡಿ. ಇದು ಸುಣ್ಣ. ಗಿಡ ಜೋರಾಗಿ ಬೆಳೆಯುತ್ತಿದೆ ಅನ್ನುವುದಕ್ಕೆ ಗುರುತು.

ನಮಸ್ಕಾರ. ಇದು ಮಂಡ್ಯದಲ್ಲಿರುವ ನಮ್ಮ ಮನೆ. ಹಾಲ್‌ನಲ್ಲಿ ನೇರ ಬಿಸಿಲು ಬೀಳದ ಗೋಡೆಗೆ ಟ್ಯಾಂಕ್ ಇಟ್ಟಿದ್ದೇವೆ. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಮಣ್ಣು, ಕಲ್ಲು, ಕಟ್ಟಿಗೆ ಇದ್ದ ಮೇಲೆ ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 100 ಕೆ.ಜಿ. ಆಯಿತು, ಹಾಗಾಗಿ ಸ್ಟ್ಯಾಂಡ್ ಗಟ್ಟಿ ಇರಲಿ.

ಈ ಚಾನೆಲ್‌ಗೆ ಬರುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ. "ಆನ್‌ಲೈನ್‌ನಲ್ಲಿ ಕೆಂಪು ಗಿಡ ತರಿಸಿದೆ, ಲೈಟ್ ಹಾಕಿದೆ, ಗೊಬ್ಬರ ಹಾಕಿದೆ, ಆದರೂ ಕೊಳೆತು ಹೋಯಿತು, ಯಾಕೆ?" ನಾನು ತಿರುಗಿ ಕೇಳುವುದು ಒಂದೇ ಮಾತು. ನಿಮ್ಮ ಮನೆಗೆ ಬರುವುದು ಕಾವೇರಿ ನೀರಾ, ಬೋರ್ ನೀರಾ?

ನಮ್ಮ ಕಡೆ ಬಹಳ ಮನೆಗಳಲ್ಲಿ ಎರಡೂ ಇರುತ್ತವೆ. ಕುಡಿಯುವುದಕ್ಕೆ ಕಾವೇರಿ, ಬಳಸುವುದಕ್ಕೆ ಬೋರ್. ಬೋರ್ ನೀರು ಅಂದರೆ ಬಕೆಟ್‌ಗೆ ಬಿಳಿ ಕಲೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದೆ ಅಂತ ಅರ್ಥ. ಜೊತೆಗೆ ಬೈಕಾರ್ಬೊನೇಟ್ ಕೂಡ ಇರುತ್ತದೆ. ಅದರಿಂದ ನೀರಿನ ಪಿ.ಎಚ್., ಅಂದರೆ ಹುಳಿಯೋ ಕ್ಷಾರವೋ ಅಂತ ತೋರಿಸುವ ಸಂಖ್ಯೆ, 7ಕ್ಕಿಂತ ಮೇಲೆಯೇ ನಿಲ್ಲುತ್ತದೆ. ಟಿ.ಡಿ.ಎಸ್. ಮೀಟರ್ ತೋರಿಸುವುದು ಕರಗಿರುವ ಎಲ್ಲ ಲವಣಗಳ ಒಟ್ಟು ಲೆಕ್ಕ. ಗಡಸುತನ ಬೇರೆ ತಿಳಿಯಬೇಕು ಅಂದರೆ ಜಿ.ಎಚ್. (ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳೆಯುವುದು), ಕೆ.ಎಚ್. (ಬೈಕಾರ್ಬೊನೇಟ್ ಅಳೆಯುವುದು) ಟೆಸ್ಟ್ ಕಿಟ್ ಬೇಕು.

ಈಗ ಆ ಬಿಳಿ ಪುಡಿಗೆ ಬರೋಣ. ಗಿಡದ ಮೈ ಕಟ್ಟುವುದಕ್ಕೆ ಮೊದಲು ಬೇಕಾದದ್ದು ಇಂಗಾಲ. ನೆಲದ ಗಿಡಕ್ಕೆ ಗಾಳಿಯಿಂದ ಸುಲಭವಾಗಿ ಸಿಗುತ್ತದೆ. ನೀರಿನೊಳಗೆ ಹಾಗಲ್ಲ. ನೀರಿನಲ್ಲಿ ಇಂಗಾಲದ ಡೈ ಆಕ್ಸೈಡ್ (ಸಿ.ಓ.ಟು) ಚಲಿಸುವುದೇ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಗಾಳಿಯಿಂದ ತಾನಾಗಿ ಕರಗುವುದು ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಆಗುವುದಿಲ್ಲ. ಆದರೆ ಬೋರ್ ನೀರಿನ ಬೈಕಾರ್ಬೊನೇಟ್‌ನಲ್ಲಿ ಇಂಗಾಲ ಧಾರಾಳವಾಗಿದೆ. ಕೆಲವು ಗಿಡಗಳಿಗೆ ಮಾತ್ರ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಇದೆ. ಇಂಗಾಲ ಎಳೆದುಕೊಂಡ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಲೆ ಮೇಲೆಯೇ ಕೂರುತ್ತದೆ. ನೀವು ನೋಡಿದ ಬಿಳಿ ಪುಡಿ ಅದೇ.

ಆ ಗಿಡ ಯಾವುದು ಗೊತ್ತಾ? ಹಿಂದುಗಡೆ ಉದ್ದ ರಿಬ್ಬನ್ ಎಲೆ ಬಿಟ್ಟು, ಮೇಲೆ ಮುಟ್ಟಿ ಬಾಗಿದೆಯಲ್ಲ, ಅದು ವ್ಯಾಲಿಸ್ನೇರಿಯಾ. ಹೈಡ್ರಿಲ್ಲಾ, ಹಾರ್ನ್‌ವರ್ಟ್ ಕೂಡ ಇದೇ ಜಾಣತನದ ಗಿಡಗಳು. ಇವು ಬೋರ್ ನೀರಿನಲ್ಲಿ ಸುಮ್ನೆ ಬದುಕುವುದಲ್ಲ, ಹಬ್ಬುತ್ತವೆ.

ಅದೇ ರೊಟಾಲಾ ಮ್ಯಾಕ್ರಾಂಡ್ರಾ ನೋಡಿ. ಕಡುಕೆಂಪು ಎಲೆಯ ಗಿಡ, ಎಲ್ಲರಿಗೂ ಆಸೆ. ಅದು ನಮ್ಮ ಪಶ್ಚಿಮ ಘಟ್ಟದ್ದೇ. ಆದರೆ ಬಂದದ್ದು ಮಳೆಯ ಮೆದು ನೀರಿನಿಂದ. ಇಷ್ಟು ಹತ್ತಿರದ ಗಿಡ ನಮ್ಮ ಬೋರ್ ನೀರಿಗೆ ಒಗ್ಗುವುದಿಲ್ಲ ಅನ್ನುವುದು ನನಗೆ ಈಗಲೂ ಬೇಜಾರೇ. ಅದನ್ನು ಬೆಳೆಸಲೇಬೇಕು ಅಂದರೆ ಮೆದು ನೀರು, ಒಳ್ಳೆಯ ಲೈಟ್, ಸಿಲಿಂಡರ್‌ನಿಂದ ಸಿ.ಓ.ಟು, ಮೂರೂ ಬೇಕು. ಪಾಚಿ ಜಾತಿಯ ಅಲಂಕಾರದ ಮಾಸ್‌ಗಳಿಗೂ ಬೈಕಾರ್ಬೊನೇಟ್ ಬಳಸಲು ಬರುವುದಿಲ್ಲ, ಹಾಗಾಗಿ ಅವು ನಿಧಾನ.

ನನ್ನ ಮಾತು ಇಷ್ಟೇ. ಹೊಸದಾಗಿ ಶುರು ಮಾಡುವವರು ನೀರನ್ನು ಬದಲಿಸುವುದಕ್ಕೆ ಹೋಗಬೇಡಿ, ನಿಮ್ಮ ನೀರಿಗೆ ಒಗ್ಗುವ ಗಿಡ ತನ್ನಿ. ವ್ಯಾಲಿಸ್ನೇರಿಯಾ ಹಿಂದೆ. ನಡುವೆ ವಾಟರ್ ವಿಸ್ಟೇರಿಯಾ, ಅದೂ ನಮ್ಮ ದೇಶದ್ದೇ. ಮುಂದೆ ಶ್ರೀಲಂಕಾ ಮೂಲದ ಕ್ರಿಪ್ಟೊಕೊರೈನ್ ವೆಂಡ್ಟಿ. ಕಟ್ಟಿಗೆ ಮೇಲೆ ಜಾವಾ ಫರ್ನ್, ಅನುಬಿಯಾಸ್. ಇಷ್ಟಿದ್ದರೆ ಟ್ಯಾಂಕ್ ತುಂಬಿ ಕಾಣುತ್ತದೆ.

ಸ್ವಲ್ಪ ಮೆದು ನೀರು ಬೇಕೇ ಬೇಕು ಅನ್ನುವವರು ಅರ್ಧ ಬೋರ್ ನೀರು, ಅರ್ಧ ಆರ್.ಓ. ನೀರು ಬೆರೆಸಿ. ಆರ್.ಓ. ಯಂತ್ರ ಹೊರಗೆ ಬಿಡುವ ವೇಸ್ಟ್ ನೀರನ್ನು ಮಾತ್ರ ಟ್ಯಾಂಕಿಗೆ ಹಾಕಬೇಡಿ. ಅದರಲ್ಲಿ ಲವಣ ಇನ್ನೂ ಜಾಸ್ತಿ. ನಲ್ಲಿಯ ಕಾವೇರಿ ನೀರಾದರೆ ಕ್ಲೋರಿನ್ ಇರುತ್ತದೆ. ಬಕೆಟ್‌ನಲ್ಲಿ ತೆರೆದು ಒಂದು ದಿನ ಇಡಿ, ಇಲ್ಲವೇ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೇಳಿ ಹಾಕಿ.

ಬೇಸಿಗೆಯಲ್ಲಿ ಇನ್ನೊಂದು ವಿಷಯ. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು ಬಿಸಿಯಾಗುತ್ತದೆ. ನೀರಿನ ಮೇಲೆ ಗಾಳಿ ಬೀಸುವ ಹಾಗೆ ಚಿಕ್ಕ ಫ್ಯಾನ್ ಇಟ್ಟರೆ ಎರಡು ಡಿಗ್ರಿಯಷ್ಟು ಇಳಿಯುತ್ತದೆ. ಆದರೆ ಇಳಿಯುವುದು ನೀರು ಆವಿಯಾಗಿ. ಆವಿಯಾಗುವುದು ಬರೀ ನೀರು, ಸುಣ್ಣ ಒಳಗೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ದಿನಾ ಬೋರ್ ನೀರು ತುಂಬುತ್ತಾ ಹೋದರೆ ತಿಂಗಳಲ್ಲಿ ಗಡಸುತನ ಏರಿಬಿಡುತ್ತದೆ. ಆವಿಯಾದ ನೀರಿಗೆ ಬದಲು ಆರ್.ಓ. ನೀರು ಹಾಕಿ. ಮಳೆಗಾಲದಲ್ಲಿ ಸ್ವಚ್ಛವಾದ ತಾರಸಿಯಿಂದ ಹಿಡಿದ ಮಳೆ ನೀರೂ ಆಗುತ್ತದೆ. ಮೊದಲ ಮಳೆ ಬಿಟ್ಟುಬಿಡಿ.

ಈಗ ತಳದ ಮಣ್ಣು. ಅಂಗಡಿಯ ಅಕ್ವಾಸಾಯಿಲ್, ಅಂದರೆ ಅಕ್ವೇರಿಯಂಗೆ ಅಂತಲೇ ಮಾಡಿದ ಮಣ್ಣು, ಒಳ್ಳೆಯದೇ, ಬೆಲೆ ಜಾಸ್ತಿ. ನಾನು ಹಾಕಿರುವುದು ಜರಡಿ ಹಿಡಿದ ಕೆಮ್ಮಣ್ಣು, ಎರಡು ಬೆರಳಷ್ಟು ದಪ್ಪ. ಅದರ ಮೇಲೆ ತೊಳೆದ ಹೊಳೆ ಮರಳು ಇನ್ನೂ ದಪ್ಪವಾಗಿ ಮುಚ್ಚಿದ್ದೇನೆ. ಕೆಮ್ಮಣ್ಣಿನಲ್ಲಿ ಕಬ್ಬಿಣ ಇದೆ, ಮರಳಿನ ಕೆಳಗೆ ಬೇರಿಗೆ ಸಿಗುತ್ತದೆ. ಮಣ್ಣು ತರುವಾಗ ಒಂದು ಎಚ್ಚರಿಕೆ, ಇದು ಮಂಡ್ಯದವರಿಗೆ ಖಾಸಾ. ಕಬ್ಬಿನ ಗದ್ದೆಯ ಮಣ್ಣು ಬೇಡ. ಕಬ್ಬಿಗೆ ಕಳೆನಾಶಕವಾಗಿ ಅಟ್ರಾಜಿನ್ ಹೊಡೆಯುತ್ತಾರೆ. ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ನೀರಿನ ಗಿಡಗಳನ್ನೂ ಕೊಲ್ಲುತ್ತದೆ. ಔಷಧಿ ಬೀಳದ ಹಿತ್ತಲ ಮಣ್ಣು, ತಿಟ್ಟಿನ ಮಣ್ಣು ನೋಡಿ ತನ್ನಿ. ಗೊಬ್ಬರ ಬೆರೆತದ್ದೂ ಬೇಡ. ಅಲಂಕಾರಕ್ಕೆ ಕಲ್ಲು ಇಡುವ ಮೊದಲು ನಿಂಬೆರಸ ಬಿಡಿ. ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ. ನಮ್ಮ ನೀರಿನಲ್ಲಿ ಇರುವ ಸುಣ್ಣವೇ ಸಾಕಲ್ವಾ?

ನೆಡುವುದನ್ನು ತೋರಿಸುತ್ತೇನೆ. ಅನುಬಿಯಾಸ್, ಜಾವಾ ಫರ್ನ್ ಎರಡಕ್ಕೂ ಶುಂಠಿಯ ಹಾಗೆ ಅಡ್ಡಡ್ಡ ಮಲಗಿದ ಕಾಂಡ ಇದೆ. ಅದನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಕಟ್ಟಿಗೆಗೋ ಕಲ್ಲಿಗೋ ದಾರದಲ್ಲಿ ಕಟ್ಟಿ. ಸೂಪರ್ ಗ್ಲೂ ಒಂದು ಹನಿಯಾದರೂ ಸಾಕು, ಗಟ್ಟಿಯಾದ ಮೇಲೆ ಮೀನಿಗೆ ತೊಂದರೆ ಇಲ್ಲ. ಕ್ರಿಪ್ಟೊಕೊರೈನ್ ಅನ್ನು ನೆಟ್ಟ ಮೇಲೆ ಎಲೆ ಕರಗಿ ಹೋಗಬಹುದು. ಕಿತ್ತು ಎಸೆಯಬೇಡಿ. ಬೇರು ಜೀವಂತ ಇರುತ್ತದೆ. ಜಾಗ ಕದಲಿಸದೆ ಬಿಟ್ಟರೆ ಮತ್ತೆ ಚಿಗುರುತ್ತದೆ. ಇನ್ನೊಂದು ತಿಳಿದಿರಲಿ. ನರ್ಸರಿಗಳಲ್ಲಿ ಬಹಳ ಗಿಡಗಳನ್ನು ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಆ ಎಲೆ ನೀರೊಳಗೆ ಬಾಳುವುದಿಲ್ಲ. ಹಳೆಯ ಎಲೆ ಉದುರುವುದನ್ನು ನೋಡಿ ಕೈಬಿಡಬೇಡಿ, ಹೊಸ ಸುಳಿ ಬರುತ್ತಿದೆಯಾ ನೋಡಿ.

ಸುಳಿ ಅಂದಾಗ ಅಪ್ಪನ ಮಾತು ಹೇಳಲೇಬೇಕು. ಅಪ್ಪ ಕಬ್ಬು ಬೆಳೆಯುವವರು. ಟ್ಯಾಂಕ್ ಮುಂದೆ ಕೂತು ಅವರು ಮೊದಲು ಹೇಳಿದ್ದು, "ಮೊದ್ಲು ಹಳೇ ಎಲೆ ನೋಡವ್ವ, ಆಮೇಲೆ ಸುಳಿ ನೋಡು." ಗದ್ದೆಯ ಈ ಲೆಕ್ಕ ನೀರೊಳಗೂ ಪೂರ್ತಿ ಸರಿ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಅದನ್ನು ಹಳೆಯ ಎಲೆಯಿಂದ ಎಳೆದು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಹಳೆಯ ಎಲೆಯಲ್ಲಿ ಕೊರತೆ ಕಾಣುತ್ತದೆ. ಇಡೀ ಹಳೆಯ ಎಲೆ ಹಳದಿಯಾದರೆ ಸಾರಜನಕ. ಸೂಜಿ ಚುಚ್ಚಿದ ಹಾಗೆ ತೂತು ಬಿದ್ದು ದೊಡ್ಡದಾದರೆ ಪೊಟ್ಯಾಷ್ ಅನ್ನು ಅನುಮಾನಿಸಿ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಅದಕ್ಕೇ ಕಬ್ಬಿಣ ಕಡಿಮೆಯಾದರೆ ಸುಳಿಯೇ ಬಿಳಿಚುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ.

ಸುಣ್ಣದ ಮಣ್ಣಿನ ಗದ್ದೆಯಲ್ಲಿ ಕಬ್ಬಿನ ಸುಳಿ ಬಿಳಿಚುವುದನ್ನು ರೈತರು ನೋಡಿರುತ್ತೀರಿ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಪಿ.ಎಚ್. ಮೇಲಿರುವುದರಿಂದ ಬೇರಿಗೆ ಸಿಗುವುದಿಲ್ಲ. ಬೋರ್ ನೀರಿನ ಟ್ಯಾಂಕಿನಲ್ಲೂ ಅದೇ ಕಾರಣ. ಕಬ್ಬಿಣ ಹಾಕಿದ ಕೂಡಲೇ ತುಕ್ಕಾಗಿ ಕೆಳಗೆ ಕೂರುತ್ತದೆ. ಅದಕ್ಕೆ ಚಿಲೇಟೆಡ್ ಕಬ್ಬಿಣ ಬೇಕು, ಅಂದರೆ ತುಕ್ಕಾಗದಂತೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟುಕೊಂಡಿರುವ ಕಬ್ಬಿಣ. ಅದರಲ್ಲೂ ಪೊಟ್ಟಣ ಓದಿ ತಗೊಳ್ಳಿ. ಇ.ಡಿ.ಟಿ.ಎ. ರೂಪದ್ದು ಪಿ.ಎಚ್. 6.5 ದಾಟಿದರೆ ಆ ಹಿಡಿತ ಬಿಟ್ಟುಹೋಗಲು ಶುರು. ಡಿ.ಟಿ.ಪಿ.ಎ. ರೂಪದ್ದು 7.5ರವರೆಗೆ ತಡೆಯುತ್ತದೆ. ನಮ್ಮ ನೀರಿಗೆ ಅದು ಮೇಲು.

ಗೊಬ್ಬರಕ್ಕೆ ಅಕ್ವೇರಿಯಂ ಬಾಟಲಿಯೇ ಆಗಬೇಕು ಅಂತಿಲ್ಲ. ಡ್ರಿಪ್‌ಗೆ ಬಿಡುವ ನೀರಲ್ಲಿ ಕರಗುವ ಗೊಬ್ಬರ ನಮ್ಮ ಊರಿನ ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. 13-0-45 ಅಂದರೆ ಪೊಟ್ಯಾಸಿಯಂ ನೈಟ್ರೇಟ್. 100 ಲೀಟರ್ ನೀರಿಗೆ 1 ಗ್ರಾಂ ಹಾಕಿದರೆ ನೈಟ್ರೇಟ್ ಲೀಟರಿಗೆ ಸುಮಾರು 6 ಮಿಲಿಗ್ರಾಂ, ಪೊಟ್ಯಾಸಿಯಂ ಸುಮಾರು 4 ಮಿಲಿಗ್ರಾಂ ಏರುತ್ತದೆ. ಒಡವೆ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ, ಕಣ್ಣಂದಾಜು ಬೇಡ. ಹಾಕುವ ಮೊದಲು ನೈಟ್ರೇಟ್ ಟೆಸ್ಟ್ ಮಾಡಿ. ಬೇಸಾಯದ ಪ್ರದೇಶದ ಬೋರ್ ನೀರಿನಲ್ಲಿ ನೈಟ್ರೇಟ್ ಮೊದಲೇ ಇರುವುದುಂಟು. ಹಾಗಿದ್ದರೆ ಬರೀ ಪೊಟ್ಯಾಷ್ ಕೊಡುವ 0-0-50 ಸಾಕು.

ಯೂರಿಯಾ, ಡಿ.ಎ.ಪಿ. ಎರಡನ್ನೂ ದಯವಿಟ್ಟು ಹಾಕಬೇಡಿ. ಮನೆಯಲ್ಲಿ ಮೂಟೆ ಇದೆ ಅಂತ ಒಂದು ಚಿಟಿಕೆಯೂ ಬೇಡ. ಅವುಗಳಿಂದ ಅಮೋನಿಯಾ ಬರುತ್ತದೆ. ಪಿ.ಎಚ್. ಮೇಲಿದ್ದಷ್ಟೂ, ನೀರು ಬಿಸಿಯಿದ್ದಷ್ಟೂ ಅಮೋನಿಯಾದ ವಿಷ ಜಾಸ್ತಿ. ನಮ್ಮಲ್ಲಿ ಎರಡೂ ಇದೆ. ಮೀನು ಉಳಿಯುವುದಿಲ್ಲ.

ಲೈಟ್ ವಿಷಯ ಚಿಕ್ಕದು. ದಿನಕ್ಕೆ 6 ಗಂಟೆಯಿಂದ ಶುರು ಮಾಡಿ, ಗಿಡ ಹಬ್ಬಿದ ಮೇಲೆ 8ಕ್ಕೆ ಏರಿಸಿ. ಟೈಮರ್ ಹಾಕಿಬಿಡಿ. ಗಾಜಿಗೆ ಪಾಚಿ ಕಟ್ಟಿದರೆ ಲೈಟ್ ಗಿಡದ ಅಗತ್ಯಕ್ಕಿಂತ ಜಾಸ್ತಿಯಾಗಿದೆ ಅಂತ ತಿಳಿಯಿರಿ. ಒಂದು ಗಂಟೆ ಕಡಿಮೆ ಮಾಡಿ ನೋಡಿ.

ಸಿ.ಓ.ಟು ಬೇಕಾ? ನಾನು ಹೇಳಿದ ಗಿಡಗಳಿಗೆ ಬೇಡ. ಹಾಕುವವರು ಲೀಟರಿಗೆ 30 ಮಿಲಿಗ್ರಾಂ ದಾಟದಂತೆ ನೋಡಿ, ರಾತ್ರಿ ನಿಲ್ಲಿಸಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಕ್ಷಣ ಮುಚ್ಚಿ, ಏರ್ ಪಂಪ್ ಹಾಕಿ. ಸಿ.ಓ.ಟು ಬದಲಿಗೆ ಅಂತ ಮಾರುವ ಲಿಕ್ವಿಡ್ ಕಾರ್ಬನ್‌ನಲ್ಲಿ ಗ್ಲುಟರಾಲ್ಡಿಹೈಡ್ ಇರುತ್ತದೆ. ವ್ಯಾಲಿಸ್ನೇರಿಯಾ ಅದಕ್ಕೆ ಕರಗಿಹೋಗಬಹುದು. ನಮ್ಮ ನೀರಿನ ರಾಜನನ್ನೇ ಕೊಲ್ಲುವ ಬಾಟಲಿ ಯಾಕೆ ಬೇಕು ಹೇಳಿ?

ಮೀನಿನಲ್ಲೂ ಇದೇ ಆಯ್ಕೆ. ಗಪ್ಪಿ, ಮೋಲಿ, ಪ್ಲಾಟಿ, ಮೂರೂ ಗಡಸು ನೀರು ಇಷ್ಟಪಡುತ್ತವೆ. ಹೊಸ ಟ್ಯಾಂಕ್‌ಗೆ ಗಿಡ ಮೊದಲು ಹಾಕಿ, ಮೀನು ತಿಂಗಳು ಒಂದೂವರೆ ತಿಂಗಳು ಬಿಟ್ಟು. ಅಷ್ಟರಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಸಿರುತ್ತದೆ.

ಕೊನೆಗೆ ಕತ್ತರಿ ಕೆಲಸ. ವ್ಯಾಲಿಸ್ನೇರಿಯಾ ಮರಳಿನೊಳಗೆ ಬಳ್ಳಿ ಓಡಿಸಿ ಮರಿ ಹಾಕುತ್ತದೆ. ಮರಿ ಒಂದು ಗೇಣಾದ ಮೇಲೆ ಬಳ್ಳಿ ಕತ್ತರಿಸಿ ಬೇರೆ ಕಡೆ ನೆಡಬಹುದು, ಬೇಕಾದವರಿಗೆ ಕೊಡಬಹುದು. ವಿಸ್ಟೇರಿಯಾದ ತುದಿ ಕತ್ತರಿಸಿ ಮರಳಿಗೆ ಸಿಕ್ಕಿಸಿದರೆ ಅದೇ ಹೊಸ ಗಿಡ. ಇನ್ನೂ ಉಳಿದರೆ ನಾಲೆಗೆ, ಕೆರೆಗೆ ಬಿಸಾಡಬೇಡಿ. ಮೀನನ್ನೂ ಬಿಡಬೇಡಿ. ದಕ್ಷಿಣ ಅಮೆರಿಕದಿಂದ ಬಂದ ನೀಲಿ ಹೂವಿನ ಜಲಕಳೆ ನಮ್ಮ ಕೆರೆಗಳನ್ನು ಹೇಗೆ ಮುಚ್ಚಿದೆ ಅಂತ ಇಲ್ಲಿ ಎಲ್ಲರೂ ನೋಡಿದ್ದಾರೆ. ತೊಣ್ಣೂರು ಕೆರೆಯಂಥ ತಿಳಿ ನೀರಿಗೆ ನಮ್ಮ ಟ್ಯಾಂಕಿನ ಗಿಡ, ಬಸವನಹುಳು ಸೇರುವುದು ನನಗಂತೂ ಸಹಿಸದ ವಿಷಯ. ಕತ್ತರಿಸಿದ್ದನ್ನು ತಾರಸಿ ಮೇಲೆ ಪೂರ್ತಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.